ಪಾಪು ಹಾಲು ಬಿಟ್ಟರೆ ಬೆಳಗಿನ ಬಸ್ಸಿಗೆ ಕಾಯಬೇಡಿ

ಓಪಿಡಿ ಬಾಗಿಲು ತೆಗೆಯುವಷ್ಟರಲ್ಲಿ ಅವರು ಬೆಂಚಿನ ಮೇಲೆ ಕೂತಿದ್ದರು. ಮಳವಳ್ಳಿ ಕಡೆಯವರು. ಮೊದಲ ಬಸ್ಸು ಹಿಡಿದು ಮಂಡ್ಯಕ್ಕೆ ಬಂದಿದ್ದರು. 22 ದಿನದ ಹೆಣ್ಣುಮಗು. ಉಣ್ಣೆ ಟೋಪಿ, ಎರಡು ಹೊದಿಕೆ, ಕೆನ್ನೆಗೆ ದೃಷ್ಟಿಬೊಟ್ಟು.

"ಜಾಸ್ತಿ ಏನಿಲ್ಲ ಡಾಕ್ಟ್ರೇ, ನಿನ್ನೆ ಸಂಜೆಯಿಂದ ಮೈ ಬೆಚ್ಚಗಿದೆ. ರಾತ್ರಿಯೆಲ್ಲ ಗಲಾಟೆ ಮಾಡ್ಲಿಲ್ಲ, ಸುಮ್ನೆ ಮಲಗಿತ್ತು" ಅಂದರು ಅಜ್ಜಿ. ಹಾಲು ಕುಡಿಯಿತಾ ಅಂತ ಕೇಳಿದೆ. ಎರಡು ಸಲ ಚೀಪಿ ಬಿಟ್ಟುಬಿಡುತ್ತೆ ಅಂದಳು ತಾಯಿ. ಅವಳ ರವಿಕೆ ಹಾಲಿನಲ್ಲಿ ತೊಯ್ದುಹೋಗಿತ್ತು. ಮಗು ಕುಡಿಯಬೇಕಿದ್ದ ಹಾಲು ಅದು.

ಹೊದಿಕೆ ಬಿಚ್ಚಿ ಉಸಿರು ಎಣಿಸಿದೆ. ನಿಮಿಷಕ್ಕೆ 72. ಪಾದ ತಣ್ಣಗಿತ್ತು. ಅಂಗಾಲಿಗೆ ಬೆರಳಲ್ಲಿ ತಟ್ಟಿದರೆ ಮುಖ ಕಿವುಚಿತೇ ಹೊರತು ಅಳಲಿಲ್ಲ. ಸೋಂಕು ರಕ್ತಕ್ಕೆ ಸೇರಿತ್ತು. ಅಜ್ಜಿ ನೆಮ್ಮದಿಯ ನಿದ್ದೆ ಅಂದುಕೊಂಡಿದ್ದು ನಿದ್ದೆಯಾಗಿರಲಿಲ್ಲ.

ರಾತ್ರಿಯೇ ಯಾಕೆ ಹೊರಡಲಿಲ್ಲ ಅಂತ ಕೇಳಿದ್ದಕ್ಕೆ ಅಪ್ಪ ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಹತ್ತು ದಿನದ ಹಿಂದೆ ಮಗು ಸೀನುತ್ತಿದೆ ಅಂತ ರಾತ್ರಿ ಹತ್ತಕ್ಕೆ ಒಂದು ಆಸ್ಪತ್ರೆಗೆ ಹೋಗಿದ್ದರಂತೆ. "ಇಷ್ಟಕ್ಕೆಲ್ಲ ಬರ್ತಾರಾ?" ಅಂತ ಬೈಸಿಕೊಂಡು ವಾಪಸ್ ಬಂದಿದ್ದರು. ಎರಡನೇ ಸಲ ಧೈರ್ಯ ಬರಲಿಲ್ಲ. ಈ ತಪ್ಪು ನಮ್ಮದು, ಡಾಕ್ಟರುಗಳದ್ದು. ಅಪ್ಪ-ಅಮ್ಮಂದಿರದ್ದಲ್ಲ.

ಸೀನು, ಬಿಕ್ಕಳಿಕೆ, ಮುಲುಕಾಟ, ಹಾಲು ಕಕ್ಕುವುದು, ಎದೆಹಾಲು ಕುಡಿಯುವ ಮಗು ದಿನಕ್ಕೆ ಏಳೆಂಟು ಸಲ ತೆಳ್ಳಗೆ ಕಕ್ಕಸು ಮಾಡುವುದು, ಇವೆಲ್ಲ ಸಾಮಾನ್ಯ. ಮಗು ಚೆನ್ನಾಗಿ ಕುಡಿಯುತ್ತಾ, ಕೈಕಾಲು ಆಡಿಸುತ್ತಾ ಇದ್ದರೆ ಚಿಂತೆ ಬೇಡ.

ಎರಡು ತಿಂಗಳ ಒಳಗಿನ ಮಗುವಿನಲ್ಲಿ ನಾನು ಮೊದಲು ನೋಡುವುದು ಹಾಲನ್ನು. ಚೆನ್ನಾಗಿ ಕುಡಿಯುತ್ತಿದ್ದ ಮಗು ಬಾಯಿ ಹಾಕದೆ ಹೋದರೆ, ಎಬ್ಬಿಸಿದರೂ ಕಣ್ಣು ಬಿಡದೆ ಮೈ ಸಡಿಲವಾಗಿದ್ದರೆ, ಜ್ವರ ಇಲ್ಲದಿದ್ದರೂ ಹೊರಡಿ. ಇಷ್ಟು ಚಿಕ್ಕ ಮಗುವಿಗೆ ಸೋಂಕು ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ. ಗಂಟೆಗಳಲ್ಲಿ ಮೈಗೆಲ್ಲ ಹರಡುತ್ತದೆ.

ಆಮೇಲೆ ಉಸಿರು. ಮಗು ಅಳದೆ ಇರುವಾಗ ಅಂಗಿ ಮೇಲೆತ್ತಿ ಹೊಟ್ಟೆ ನೋಡಿ. ಫೋನಿನಲ್ಲಿ ಪೂರ್ತಿ ಒಂದು ನಿಮಿಷ ಇಟ್ಟು ಎಣಿಸಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಡಿ. ಹಸುಗೂಸುಗಳು ಒಂದಿಷ್ಟು ಬೇಗ ಬೇಗ ಉಸಿರಾಡಿ ಐದಾರು ಸೆಕೆಂಡು ನಿಲ್ಲಿಸುತ್ತವೆ, ಅದು ಸಹಜ. ಎರಡು ತಿಂಗಳೊಳಗೆ 60 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಇನ್ನೊಂದು ಸಲ ಎಣಿಸಿ. ಆಗಲೂ ಅಷ್ಟೇ ಇದ್ದರೆ ಕಾಯಬೇಡಿ. ಎರಡು ತಿಂಗಳಿಂದ ಒಂದು ವರ್ಷದವರೆಗೆ ಈ ಗಡಿ 50. ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ, ಮಗು ನರಳುತ್ತಿದ್ದರೆ, ತುಟಿ ನೀಲಿಯಾಗಿದ್ದರೆ ಎಣಿಸುತ್ತಾ ಕೂರಲೇಬೇಡಿ.

ಜ್ವರವನ್ನು ಅಂಗೈಯಲ್ಲಿ ಅಳೆಯಬೇಡಿ. ಬಾಣಂತಿ ಇರುವ ಮನೆಯಲ್ಲಿ ಒಂದು ಡಿಜಿಟಲ್ ಥರ್ಮಾಮೀಟರ್ ಇರಲಿ. ಎರಡು ತಿಂಗಳ ಒಳಗಿನ ಮಗುವಿಗೆ ಕಂಕುಳಲ್ಲಿ 99.5 ಡಿಗ್ರಿ ಫ್ಯಾರನ್‌ಹೀಟ್ ಬಂದರೇ ಡಾಕ್ಟರಿಗೆ ತೋರಿಸಬೇಕು. ಮೂರು ತಿಂಗಳೊಳಗೆ 100.4 ಮುಟ್ಟಿದರೆ ರಾತ್ರಿ ಎರಡು ಗಂಟೆಯಾದರೂ ಸರಿ, ಹೊರಡಿ. ಮೈ ತಣ್ಣಗಾಗಿ 95.9ಕ್ಕಿಂತ ಇಳಿದರೂ ಅಷ್ಟೇ ಅಪಾಯ. ಇದು ಬಹಳ ಜನರಿಗೆ ಗೊತ್ತಿಲ್ಲ.

ಆರು ತಿಂಗಳು ದಾಟಿದ ಮಗುವಿನ ಲೆಕ್ಕ ಬೇರೆ. 102 ಜ್ವರ ಇದ್ದರೂ ಔಷಧಿ ಕೊಟ್ಟ ಮೇಲೆ ಹಾಲು ಕುಡಿದು, ನಿಮ್ಮ ಮುಖ ನೋಡಿ ನಕ್ಕರೆ ಬೆಳಗಿನವರೆಗೆ ಕಾಯಬಹುದು. ಆದರೆ ಬಾಟಲಿ ಸರಿಯಾಗಿ ನೋಡಿಕೊಳ್ಳಿ. ಪ್ಯಾರಸಿಟಮಾಲ್ ಡ್ರಾಪ್ಸ್ ಸಾಮಾನ್ಯವಾಗಿ 1 ಎಂಎಲ್‌ಗೆ 100 ಮಿಲಿಗ್ರಾಂ ಇರುತ್ತದೆ. ಸಿರಪ್ಪಿನಲ್ಲಿ 5 ಎಂಎಲ್‌ಗೆ 120 ಅಥವಾ 125, ಕೆಲವದರಲ್ಲಿ 250. ದೊಡ್ಡ ಮಗುವಿಗೆ ಬರೆದ ಸಿರಪ್ಪಿನ ಅಳತೆಯಲ್ಲೇ ಚಿಕ್ಕದಕ್ಕೆ ಡ್ರಾಪ್ಸ್ ಕೊಟ್ಟವರನ್ನು ನೋಡಿದ್ದೇನೆ. 120 ಅಥವಾ 125ರ ಸಿರಪ್ಪಿನ ಅಳತೆಯಾದರೆ ಅದು ನಾಲ್ಕು ಪಟ್ಟಾಗುತ್ತದೆ. ಮೂರು ತಿಂಗಳೊಳಗಿನ ಮಗುವಿಗಂತೂ ಡಾಕ್ಟರ್ ನೋಡುವ ಮೊದಲು ಕೊಡಲೇಬೇಡಿ.

ಹಸಿರು ವಾಂತಿಯಾದರೆ ಅಜೀರ್ಣ ಅನ್ನಬೇಡಿ. ಕರುಳು ತಿರುಚಿಕೊಂಡಿರಬಹುದು, ಆಪರೇಷನ್ ಬೇಕಾಗಬಹುದು. ಫಿಟ್ಸ್ ಬಂದರೆ, ಕಕ್ಕಸಿನಲ್ಲಿ ರಕ್ತ ಬಂದರೆ, ನೆತ್ತಿ ಉಬ್ಬಿದ್ದರೆ, ಎಂಟು ಗಂಟೆ ಕಾಲ ಉಚ್ಚೆ ಹೊಯ್ಯದಿದ್ದರೆ ಹೊರಡಿ. ಹುಟ್ಟಿದ ದಿನವೇ ಮೈ ಹಳದಿಯಾದರೆ, ಅಥವಾ ಅಂಗೈ ಅಂಗಾಲಿಗೂ ಹಳದಿ ಇಳಿದರೆ ಎಳೆ ಬಿಸಿಲು ಸಾಲದು, ರಕ್ತ ಪರೀಕ್ಷೆ ಆಗಬೇಕು.

ಅಜ್ಜಿಯರ ಮೇಲೆ ನನಗೆ ತುಂಬಾ ಗೌರವ. ಮಗುವಿನ ಅಳುವಿನಲ್ಲಿ ಸಣ್ಣ ವ್ಯತ್ಯಾಸ ಬಂದರೂ ಅವರಿಗೇ ಮೊದಲು ಗೊತ್ತಾಗುತ್ತದೆ. ದೃಷ್ಟಿ ತೆಗೆಯಿರಿ, ಬೇಡ ಅನ್ನುವುದಿಲ್ಲ, ಆಟೋ ಬರುವಷ್ಟರಲ್ಲಿ ತೆಗೆಯಿರಿ. ಆದರೆ ಮೂಗಿಗೆ ಎಣ್ಣೆ ಬಿಡಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಹೊಟ್ಟೆ ಮೇಲೆ ಬರೆ ಹಾಕಿಸಬೇಡಿ. ಆ ಕಲೆ ನೋಡಿದಾಗಲೆಲ್ಲ ನನಗೆ ಕರುಳು ಹಿಂಡಿದ ಹಾಗಾಗುತ್ತದೆ.

ಹೊರಡುವಾಗ 108ಕ್ಕೆ ಫೋನ್ ಮಾಡಿ. ಹತ್ತಿರದ ತಾಲ್ಲೂಕು ಆಸ್ಪತ್ರೆಗೇ ಮೊದಲು ಹೋಗಿ. ಇಂಜೆಕ್ಷನ್ನಿನ ಮೊದಲ ಡೋಸ್ ಅಲ್ಲೇ ಬಿದ್ದರೆ ಮಂಡ್ಯದ ಮಿಮ್ಸ್ (ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ) ಅಥವಾ ಮೈಸೂರಿನ ಚೆಲುವಾಂಬ ಆಸ್ಪತ್ರೆ ಮುಟ್ಟುವ ತನಕ ಹೊತ್ತು ಹಾಳಾಗುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷದವರೆಗಿನ ಹುಷಾರಿಲ್ಲದ ಮಗುವಿಗೆ ಚಿಕಿತ್ಸೆ ಉಚಿತ. ದುಡ್ಡು ಹೊಂದಿಸಲು ಅಂತ ತಡಮಾಡಬೇಡಿ. ಜ್ವರ ಇಲ್ಲದ ಹಸುಗೂಸನ್ನು ತಾಯಿ ಎದೆಗೆ ಮೈ ತಾಗುವಂತೆ ಅವುಚಿಕೊಳ್ಳಲಿ. ತಾಯಿ ಕಾರ್ಡ್ ಚೀಲದಲ್ಲಿರಲಿ.

ಮಳವಳ್ಳಿ ಕಡೆಯ ಆ ಮಗು ಎರಡು ವಾರ ಇಂಜೆಕ್ಷನ್ ತಗೊಂಡು ಮನೆಗೆ ಹೋಯಿತು. ತಿಂಗಳಾದ ಮೇಲೆ ಒಂದು ರಾತ್ರಿ ಹನ್ನೊಂದಕ್ಕೆ ಅದೇ ಮೂವರು ಮತ್ತೆ ಬಂದರು. ಮಗುವಿಗೆ ಮೂಗು ಕಟ್ಟಿತ್ತು ಅಷ್ಟೆ. "ಸುಮ್ನೆ ತೊಂದ್ರೆ ಕೊಟ್ವಿ" ಅಂದರು ಅಪ್ಪ. ಉಸಿರು ಎಣಿಸಿದೆ, 44. ತಾಯಿ ಮಡಿಲಲ್ಲಿ ಹಾಲು ಕುಡಿಯುವುದನ್ನು ನೋಡಿದೆ. ಒಳ್ಳೆಯ ಕೆಲಸ ಮಾಡಿದ್ರಿ, ಇನ್ನೊಂದು ಸಲ ಹೀಗನ್ನಿಸಿದರೂ ಬನ್ನಿ ಅಂತ ಹೇಳಿ, ಮೂಗಿಗೆ ಸಲೈನ್ ಡ್ರಾಪ್ಸ್ ಬರೆದುಕೊಟ್ಟೆ.