ಅವಾರ್ಡ್ ಟಿಕೆಟ್: ಮೈಲ್ಸ್ ಕೊಟ್ಟು ಮನೆಮಂದಿಯೆಲ್ಲ ಅರುಬಾಗೆ ಹೋಗುವ ಲೆಕ್ಕ

ದುಡ್ಡಿನ ಬದಲು, ವಿಮಾನ ಕಂಪನಿಯ ಖಾತೆಯಲ್ಲಿ ಕೂಡಿಟ್ಟ ಮೈಲ್ಸ್ (ಕಂಪನಿ ಕೊಡುವ ಬಹುಮಾನದ ಅಂಕಗಳು) ಕೊಟ್ಟು ಪಡೆಯುವ ಟಿಕೆಟ್ಟೇ ಅವಾರ್ಡ್ ಟಿಕೆಟ್. ಅಮೆರಿಕದಲ್ಲಿರುವ ಕನ್ನಡ ಕುಟುಂಬಗಳಲ್ಲಿ ಡಿಸೆಂಬರ್ ರಜೆಯೋ ಮಾರ್ಚಿನ ಸ್ಪ್ರಿಂಗ್ ಬ್ರೇಕೋ ಹತ್ತಿರವಾದಾಗ ಒಂದು ಪ್ರಶ್ನೆ ಏಳುತ್ತದೆ: ಮೈಲ್ಸ್ ಆಗಿ ಬದಲಾಯಿಸಬಹುದಾದ ಒಂದು ಲಕ್ಷ ಪಾಯಿಂಟ್ ಕ್ರೆಡಿಟ್ ಕಾರ್ಡಿನಲ್ಲಿ ಇದೆ, ಗಂಡ, ಹೆಂಡತಿ, ಇಬ್ಬರು ಮಕ್ಕಳು ಅರುಬಾದಂಥ ಕೆರಿಬಿಯನ್ ದ್ವೀಪವೊಂದಕ್ಕೆ ಹೋಗಿಬರಲು ಸಾಕೇ? ಇದಕ್ಕೆ ಸುಲಭದ ಉತ್ತರವಿಲ್ಲ. ಒಬ್ಬರಿಗೆ ಬೇಕಾಗುವ ಮೈಲ್ಸನ್ನು ನಾಲ್ಕರಿಂದ ಗುಣಿಸಿದರೆ ನಾಲ್ವರ ಲೆಕ್ಕ ಸಿಗುವುದಿಲ್ಲ. ಕುಟುಂಬದ ಅವಾರ್ಡ್ ಟಿಕೆಟ್ಟಿನ ಗುಟ್ಟೆಲ್ಲ ಇರುವುದು ಇಲ್ಲೇ.

ಅಮೆರಿಕನ್ ಏರ್‌ಲೈನ್ಸ್ ಆಡ್ವಾಂಟೇಜ್ ಎಂಬ ತನ್ನ ಮೈಲ್ಸ್ ಯೋಜನೆಯನ್ನು 1981ರ ಮೇ 1ರಂದು ಆರಂಭಿಸಿತು. ಆಮೇಲೆ ಬಹುಕಾಲ ಕಂಪನಿಗಳು ದರಪಟ್ಟಿ ಪ್ರಕಟಿಸುತ್ತಿದ್ದವು. ಯಾವ ಪ್ರದೇಶಕ್ಕೆ ಎಷ್ಟು ಮೈಲ್ಸ್ ಎಂದು ಮೊದಲೇ ತಿಳಿಯುತ್ತಿತ್ತು. ಡೆಲ್ಟಾ 2015ರಲ್ಲಿ ಆ ಪಟ್ಟಿ ತೆಗೆಯಿತು, ಯುನೈಟೆಡ್ 2019ರಲ್ಲಿ, ಅಮೆರಿಕನ್ ತನ್ನ ಸ್ವಂತ ವಿಮಾನಗಳ ಮಟ್ಟಿಗೆ 2023ರಲ್ಲಿ. ಈಗ ಮೈಲ್ಸ್ ದರವೂ ನಗದು ದರದ ಹಾಗೆ ದಿನದಿನಕ್ಕೆ ಏರಿಳಿಯುತ್ತದೆ. ಹೀಗಾಗಿ "ಅರುಬಾಗೆ ಎಷ್ಟು ಮೈಲ್ಸ್" ಎಂದು ಕೇಳುವ ಬದಲು "ನನ್ನ ದಿನಾಂಕಕ್ಕೆ, ಕಡಿಮೆ ದರದಲ್ಲಿ, ಎಷ್ಟು ಸೀಟು ಉಳಿದಿವೆ" ಎಂದು ಕೇಳಬೇಕು.

ನಾಲ್ಕನೆಯ ಸೀಟಿನ ತೊಂದರೆ

ಒಂದು ವಿಮಾನದ ಎಕಾನಮಿ ಸೀಟುಗಳೆಲ್ಲ ಒಂದೇ ದರದಲ್ಲಿ ಇರುವುದಿಲ್ಲ. ಕಂಪನಿ ಅವನ್ನು ಹಲವು ದರದ ಗುಂಪುಗಳಾಗಿ ವಿಂಗಡಿಸಿ, ಅತಿ ಅಗ್ಗದ ಗುಂಪಿನಲ್ಲಿ ಕೆಲವೇ ಸೀಟು ಇಡುತ್ತದೆ. ಮೈಲ್ಸ್ ಜಗತ್ತಿನಲ್ಲಿ ಈ ಅಗ್ಗದ ಗುಂಪನ್ನು ಸೇವರ್ ಎನ್ನುವುದು ರೂಢಿ. ನೀವು ನಾಲ್ಕು ಜನರೆಂದು ಹುಡುಕಿದರೆ, ನಾಲ್ಕೂ ಸೀಟು ಒಟ್ಟಿಗೆ ಸಿಗುವ ಗುಂಪಿನ ದರವನ್ನೇ ವ್ಯವಸ್ಥೆ ಎಲ್ಲರಿಗೂ ಹಾಕುತ್ತದೆ. ಅಗ್ಗದ ಗುಂಪಿನಲ್ಲಿ 15,000 ಮೈಲ್ಸಿನ ಮೂರು ಸೀಟು ಇವೆ, ಮುಂದಿನ ಗುಂಪು 24,000 ಮೈಲ್ಸಿನದು ಎಂದುಕೊಳ್ಳಿ. ನಾಲ್ವರಿಗೆ ಒಟ್ಟಿಗೆ ಹುಡುಕಿದವರಿಗೆ ಕಾಣುವುದು 96,000. ಮೂರು ಮತ್ತು ಒಂದು ಎಂದು ಬಿಡಿಸಿ ಬುಕ್ ಮಾಡಿದರೆ 45,000 ಜೊತೆಗೆ 24,000, ಅಂದರೆ 69,000. ಒಂದೇ ವಿಮಾನ, ಒಂದೇ ದಿನ, 27,000 ಮೈಲ್ಸ್ ಉಳಿತಾಯ. ಪಾಲುದಾರ ಕಂಪನಿಯ ಮೈಲ್ಸ್ ಬಳಸುವಾಗ, ಅಂದರೆ ಒಂದು ಕಂಪನಿಯ ಮೈಲ್ಸಿನಿಂದ ಇನ್ನೊಂದರ ವಿಮಾನ ಹತ್ತುವಾಗ, ಇದು ಇನ್ನೂ ಕಠಿಣ. ಸೇವರ್‌ನಲ್ಲಿ ಮೂರೇ ಸೀಟು ಇದ್ದರೆ ನಾಲ್ವರ ಹುಡುಕಾಟಕ್ಕೆ ಆ ವಿಮಾನ ಕಾಣುವುದೇ ಇಲ್ಲ, ಸೀಟೇ ಇಲ್ಲವೆಂದು ಜನ ಕೈಬಿಡುತ್ತಾರೆ.

ಆದ್ದರಿಂದ ಮೊದಲು ಒಬ್ಬರಿಗೆ ಹುಡುಕಿ ದರ ಬರೆದಿಟ್ಟುಕೊಳ್ಳಿ. ಆಮೇಲೆ ಇಬ್ಬರಿಗೆ, ಮೂವರಿಗೆ, ನಾಲ್ವರಿಗೆ. ತಲಾ ದರ ಎಲ್ಲಿ ಜಿಗಿಯುತ್ತದೋ ಅಲ್ಲಿಗೆ ಅಗ್ಗದ ಸೀಟು ಮುಗಿದವು. ಹೋಗುವುದನ್ನೂ ಬರುವುದನ್ನೂ ಬೇರೆ ಬೇರೆ ಒನ್‌ವೇ ಟಿಕೆಟ್ಟುಗಳಾಗಿ ಹುಡುಕಿ. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಅವಾರ್ಡ್ ಟಿಕೆಟ್ಟನ್ನು ಒಂದು ದಿಕ್ಕಿಗಷ್ಟೇ ಕೊಂಡರೆ ನಷ್ಟವಿಲ್ಲ. ನೂವರ್ಕ್‌ನಿಂದ ಯುನೈಟೆಡ್‌ನಲ್ಲಿ ಹೋಗಿ ಜೆಟ್‌ಬ್ಲೂನಲ್ಲಿ ನ್ಯೂಯಾರ್ಕಿಗೆ ಮರಳಬಹುದು. ಒಂದು ದಿಕ್ಕನ್ನು ರದ್ದು ಮಾಡಿದರೂ ಇನ್ನೊಂದು ಕೆಡುವುದಿಲ್ಲ.

ಬುಕಿಂಗ್ ಬಿಡಿಸುವಾಗ ಪ್ರತಿ ಪಿಎನ್‌ಆರ್‌ನಲ್ಲೂ ಒಬ್ಬ ದೊಡ್ಡವರು ಇರಲೇಬೇಕು. ಮೂವರಲ್ಲಿ ಅಮ್ಮ ಮತ್ತು ಮಕ್ಕಳು, ಒಂಟಿ ಟಿಕೆಟ್ ಅಪ್ಪನದು, ಹೀಗೆ. ಬುಕ್ ಆದ ಕೂಡಲೇ ಕಂಪನಿಗೆ ಫೋನ್ ಮಾಡಿ, ಎರಡೂ ಪಿಎನ್‌ಆರ್ ಒಂದೇ ಕುಟುಂಬದ್ದೆಂದು ಪರಸ್ಪರ ನಮೂದಿಸಲು ಹೇಳಿ. ಹಾಗೆ ಮಾಡಿದರೂ ವಿಮಾನದ ವೇಳೆ ಬದಲಾದಾಗ ಒಂದು ಪಿಎನ್‌ಆರ್ ಬೇರೆ ವಿಮಾನಕ್ಕೆ ಹೋಗಿಬಿಡುವುದುಂಟು. ವೇಳೆ ಬದಲಾವಣೆಯ ಇಮೇಲ್ ಬಂದಾಗಲೆಲ್ಲ ಎರಡನ್ನೂ ತೆರೆದು ನೋಡಬೇಕು. ಮಕ್ಕಳು ತೀರ ಚಿಕ್ಕವರಾಗಿದ್ದು ಉಳಿತಾಯ ಬರೀ ನಾಲ್ಕೈದು ಸಾವಿರ ಮೈಲ್ಸ್ ಆಗಿದ್ದರೆ ಬಿಡಿಸದಿರುವುದೇ ಲೇಸು.

ಯಾರ ಖಾತೆಯಿಂದ?

ಅಪ್ಪನ ಖಾತೆಯಲ್ಲಿ 38,000, ಅಮ್ಮನದರಲ್ಲಿ 41,000, ಮಗಳದರಲ್ಲಿ 6,000. ಒಟ್ಟು ನೋಡಿದರೆ ದೊಡ್ಡ ಮೊತ್ತ, ಬಿಡಿಯಾಗಿ ಯಾವುದೂ ಸಾಲದು. ಖಾತೆಯಿಂದ ಖಾತೆಗೆ ಶುಲ್ಕ ಕೊಟ್ಟು ವರ್ಗಾಯಿಸುವುದು ಬಹುತೇಕ ಯಾವಾಗಲೂ ನಷ್ಟದ ಕೆಲಸ. ಅದರ ಅಗತ್ಯವೂ ಕಡಿಮೆ, ಏಕೆಂದರೆ ನಿಮ್ಮ ಮೈಲ್ಸಿನಿಂದ ಬೇರೆಯವರಿಗೂ ಟಿಕೆಟ್ ಕೊಳ್ಳಬಹುದು, ನೀವು ಪ್ರಯಾಣ ಮಾಡಬೇಕೆಂದೇನೂ ಇಲ್ಲ. ಇಬ್ಬರ ಟಿಕೆಟ್ ಅಪ್ಪನ ಖಾತೆಯಿಂದ, ಇಬ್ಬರದು ಅಮ್ಮನ ಖಾತೆಯಿಂದ ತೆಗೆದರೆ ಮೇಲೆ ಹೇಳಿದ ಬಿಡಿಸುವ ಉಪಾಯಕ್ಕೂ ಅದು ಹೊಂದುತ್ತದೆ.

ಉಚಿತವಾಗಿ ಒಟ್ಟುಗೂಡಿಸುವ ಸೌಲಭ್ಯವೂ ಇದೆ. ಜೆಟ್‌ಬ್ಲೂನಲ್ಲಿ 7 ಜನರವರೆಗೆ ಒಂದು ಗುಂಪಾಗಬಹುದು. ಯುನೈಟೆಡ್ 2024ರಲ್ಲಿ 5 ಜನರ ಗುಂಪಿಗೆ ಅವಕಾಶ ಕೊಟ್ಟಿತು. ಏರ್ ಕೆನಡಾದ ಏರೋಪ್ಲಾನ್‌ನಲ್ಲಿ 8 ಜನ, ಬ್ರಿಟಿಷ್ ಏರ್‌ವೇಸ್‌ನ ಹೌಸ್‌ಹೋಲ್ಡ್ ಖಾತೆಯಲ್ಲಿ 7 ಜನ. ಬ್ರಿಟಿಷ್ ಏರ್‌ವೇಸ್‌ನದರಲ್ಲಿ ಒಂದು ಕಟ್ಟುಪಾಡಿದೆ: ಹೌಸ್‌ಹೋಲ್ಡ್ ಖಾತೆ ಸೇರಿದ ಮೇಲೆ ಮನೆಯವರಿಗೆ ಮತ್ತು ಮೊದಲೇ ಹೆಸರಿಸಿದ ಕೆಲವರಿಗೆ ಬಿಟ್ಟು ಬೇರೆ ಯಾರಿಗೂ ಟಿಕೆಟ್ ತೆಗೆಯಲಾಗದು. ಊರಿನಿಂದ ಬಂದಿರುವ ಅತ್ತೆ ಮಾವನನ್ನೂ ಕರೆದೊಯ್ಯುವ ಯೋಚನೆಯಿದ್ದರೆ ಅವರ ಹೆಸರನ್ನು ಆ ಪಟ್ಟಿಗೆ ಮುಂಚೆಯೇ ಸೇರಿಸಿ.

ಮೈಲ್ಸ್ ಸಾಯುವ ಗಡುವೂ ಕಂಪನಿಗೊಂದು ತರಹ. ಯುನೈಟೆಡ್, ಡೆಲ್ಟಾ, ಜೆಟ್‌ಬ್ಲೂಗಳಲ್ಲಿ ಗಡುವಿಲ್ಲ. ಅಮೆರಿಕನ್‌ನಲ್ಲಿ 24 ತಿಂಗಳು ಖಾತೆಯಲ್ಲಿ ಏನೂ ನಡೆಯದಿದ್ದರೆ ಹೋಗುತ್ತವೆ, 21 ವರ್ಷದೊಳಗಿನವರಿಗೆ ವಿನಾಯಿತಿ ಇದೆ.

ಕಾರ್ಡಿನ ಪಾಯಿಂಟ್ ಮೈಲ್ಸ್ ಆಗುವಾಗ

ಚೇಸ್, ಅಮೆರಿಕನ್ ಎಕ್ಸ್‌ಪ್ರೆಸ್, ಕ್ಯಾಪಿಟಲ್ ಒನ್, ಸಿಟಿ ಬ್ಯಾಂಕುಗಳ ಪಾಯಿಂಟುಗಳನ್ನು ಹಲವು ವಿಮಾನ ಕಂಪನಿಗಳಿಗೆ ಕಳಿಸಬಹುದು, ಹೆಚ್ಚಿನವು ಒಂದಕ್ಕೆ ಒಂದರಂತೆ. ಕಳಿಸಿದ್ದು ವಾಪಸ್ ಬರುವುದಿಲ್ಲ. ಅತಿ ದುಬಾರಿಯ ತಪ್ಪು ನಡೆಯುವುದು ಇಲ್ಲೇ: ಸೀಟು ಖಚಿತವಾಗುವ ಮೊದಲೇ 80,000 ಪಾಯಿಂಟ್ ಕಳಿಸಿಬಿಡುವುದು. ಪಾಲುದಾರ ಕಂಪನಿಯ ವೆಬ್‌ಸೈಟ್ ಕೆಲವೊಮ್ಮೆ ಇಲ್ಲದ ಸೀಟನ್ನು ಇದೆಯೆಂದು ತೋರಿಸುತ್ತದೆ. ಹಣ ಕಟ್ಟುವ ಹಂತದಲ್ಲಿ ದೋಷ ಬರುತ್ತದೆ. ಕಳಿಸುವ ಮುನ್ನ ಹೆಸರುಗಳನ್ನು ತುಂಬಿ ಪಾವತಿಯ ಪುಟದವರೆಗೆ ಹೋಗಿ ನೋಡಿ, ಅಥವಾ ಫೋನಿನಲ್ಲಿ ಸೀಟು ಇದೆಯೇ ಎಂದು ಕೇಳಿ ತಿಳಿಯಿರಿ. ಕೆಲವು ವರ್ಗಾವಣೆ ಕ್ಷಣದಲ್ಲಿ ಆಗುತ್ತವೆ, ಕೆಲವಕ್ಕೆ ದಿನಗಳು ಬೇಕು, ಅಷ್ಟರಲ್ಲಿ ಸೀಟು ಹೋಗಿರುತ್ತದೆ. ಅಮೆರಿಕನ್ ಎಕ್ಸ್‌ಪ್ರೆಸ್ ಅಮೆರಿಕದ ಕಂಪನಿಗಳಿಗೆ ಕಳಿಸುವಾಗ 1,000 ಪಾಯಿಂಟಿಗೆ 60 ಸೆಂಟ್‌ನಂತೆ, ಗರಿಷ್ಠ 99 ಡಾಲರ್ ಶುಲ್ಕ ಹಿಡಿಯುತ್ತದೆ.

ಬ್ರಿಟಿಷ್ ಏರ್‌ವೇಸ್‌ನ ಮೈಲ್ಸಾದ ಏವಿಯೋಸ್‌ನಿಂದ ಅಮೆರಿಕನ್ ಏರ್‌ಲೈನ್ಸ್ ವಿಮಾನ ಹತ್ತಬಹುದು. ಅಲ್ಲಿ ದರ ದೂರದ ಮೇಲೆ ನಿಂತಿದೆ, ಮತ್ತು ಪ್ರತಿ ವಿಮಾನಕ್ಕೂ ಪ್ರತ್ಯೇಕ. ಮಯಾಮಿಯಿಂದ ಅರುಬಾ ಸುಮಾರು 1,100 ಮೈಲಿ. ನೇರ ವಿಮಾನಕ್ಕೆ ಈ ಲೆಕ್ಕ ಹಿತವಾಗಿರುತ್ತದೆ. ಡಲ್ಲಾಸ್‌ನಿಂದ ಮಯಾಮಿ, ಅಲ್ಲಿಂದ ಅರುಬಾ ಎಂದರೆ ಎರಡು ಸಲ ತೆರಬೇಕು, ಅದೂ ನಾಲ್ಕು ತಲೆಗೆ. ಅಂಥವರಿಗೆ ಅಮೆರಿಕನ್‌ನ ಸ್ವಂತ ಮೈಲ್ಸೇ ಮೇಲು, ಮಧ್ಯದ ನಿಲುಗಡೆ ಅದೇ ದರದಲ್ಲಿ ಸೇರಿರುತ್ತದೆ.

ಮೈಲ್ಸ್ ಕೊಟ್ಟರೂ ಕಟ್ಟಬೇಕಾದ ದುಡ್ಡು

ಅಮೆರಿಕದಿಂದ ಹೊರಡುವ ಅವಾರ್ಡ್ ಟಿಕೆಟ್ಟಿಗೆ ಸಾಮಾನ್ಯವಾಗಿ ತಲೆಗೆ 5.60 ಡಾಲರ್ ಭದ್ರತಾ ಶುಲ್ಕವಷ್ಟೇ. ಮರಳುವ ದಾರಿಯಲ್ಲಿ ದ್ವೀಪದ ವಿಮಾನ ನಿಲ್ದಾಣದ ಶುಲ್ಕಗಳು, ಅಮೆರಿಕದ ಕಸ್ಟಮ್ಸ್ ಮತ್ತು ವಲಸೆ ತಪಾಸಣೆಯ ಶುಲ್ಕಗಳು ಸೇರಿ ಮೊತ್ತ ಎಷ್ಟೋ ಪಟ್ಟು ದೊಡ್ಡದಾಗುತ್ತದೆ. ನಾಲ್ವರೆಂದರೆ ಕೆಲವು ನೂರು ಡಾಲರ್ ದಾಟಬಹುದು. ಅಮೆರಿಕದ್ದೇ ಭಾಗವಾದ ಪೋರ್ಟೊ ರಿಕೊದ ಸಾನ್ ಹುವಾನ್‌ಗೆ ಹೋದರೆ ಎರಡೂ ದಿಕ್ಕಿಗೆ ತಲಾ 5.60 ಡಾಲರ್‌ನಲ್ಲಿ ಮುಗಿಯುತ್ತದೆ.

ಎರಡು ವರ್ಷದೊಳಗಿನ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡರೂ ಹೊರದೇಶದ ಪ್ರಯಾಣಕ್ಕೆ ಅದಕ್ಕೊಂದು ಟಿಕೆಟ್ ಬೇಕು. ಅಮೆರಿಕದ ಹಲವು ಕಂಪನಿಗಳು ದೊಡ್ಡವರ ನಗದು ದರದ 10% ಮತ್ತು ತೆರಿಗೆ ಕೇಳುತ್ತವೆ. ಬ್ರಿಟಿಷ್ ಏರ್‌ವೇಸ್ ಏವಿಯೋಸ್‌ನ 10% ಕೇಳುತ್ತದೆ. ಕೂಸಿನ ಹೆಸರನ್ನು ಫೋನ್ ಮಾಡಿ ಮೊದಲೇ ಸೇರಿಸಿ, ವಿಮಾನ ನಿಲ್ದಾಣದಲ್ಲಿ ಸೇರಿಸುತ್ತೇವೆಂದು ಬಿಡಬೇಡಿ. ಪ್ರವಾಸದ ನಡುವೆ ಎರಡು ತುಂಬಿದರೆ ಮರಳುವಾಗ ಪೂರ್ತಿ ಸೀಟು ಬೇಕು.

ಇನ್ನು ಮೈಲ್ಸ್ ಕೊಡುವುದು ಲಾಭವೇ ಎಂಬ ಲೆಕ್ಕ. ನಗದು ದರದಿಂದ ತೆರಿಗೆ ಕಳೆದು, ಉಳಿದುದನ್ನು ಮೈಲ್ಸಿನಿಂದ ಭಾಗಿಸಿ. ನಾಲ್ವರಿಗೆ ಹೋಗಿಬರಲು ನಗದು 1,920 ಡಾಲರ್, ಅವಾರ್ಡಿಗೆ 1,00,000 ಮೈಲ್ಸ್ ಮತ್ತು 340 ಡಾಲರ್ ತೆರಿಗೆ ಎಂದುಕೊಂಡರೆ 1,580 ಡಾಲರನ್ನು ಲಕ್ಷದಿಂದ ಭಾಗಿಸಬೇಕು, ಮೈಲಿಗೆ 1.58 ಸೆಂಟ್ ಬಂತು. ಒಂದು ಸೆಂಟಿಗಿಂತ ಕೆಳಗಿಳಿದರೆ ದುಡ್ಡು ಕೊಟ್ಟು ಮೈಲ್ಸ್ ಉಳಿಸಿಕೊಳ್ಳುವುದು ವಾಸಿ ಎಂಬುದು ನಮ್ಮ ಅಭಿಪ್ರಾಯ. ಆದರೆ ವರ್ಷಗಟ್ಟಲೆ ಕೂಡಿಡುವುದೂ ತಪ್ಪೇ, ಏಕೆಂದರೆ ದರ ಏರಿಸುವ ಅಧಿಕಾರ ಪೂರ್ತಿ ಕಂಪನಿಯ ಕೈಯಲ್ಲಿದೆ. ಪಾಯಿಂಟಿನ ಆಸೆಗೆ ಕಾರ್ಡಿನ ಬಾಕಿ ಉಳಿಸಿಕೊಂಡು ಬಡ್ಡಿ ಕಟ್ಟಿದರಂತೂ ಈ ಲೆಕ್ಕವೆಲ್ಲ ಮಣ್ಣುಪಾಲು.

ಯಾವಾಗ ಬುಕ್ ಮಾಡಬೇಕು

ಅಮೆರಿಕನ್ ಸುಮಾರು 331 ದಿನ ಮುಂಚೆ, ಯುನೈಟೆಡ್ 337 ದಿನ ಮುಂಚೆ ಟಿಕೆಟ್ ತೆರೆಯುತ್ತವೆ. ಹೋಗುವ ದಿನದ ಸೀಟು ತೆರೆದಾಗ ಮರಳುವ ದಿನದ್ದು ಇನ್ನೂ ತೆರೆದಿರುವುದಿಲ್ಲ. ಒನ್‌ವೇ ಆಗಿ ಕೊಳ್ಳುವವರು ಮೊದಲನೆಯದನ್ನು ಹಿಡಿದು, ವಾರದ ನಂತರ ಎರಡನೆಯದನ್ನು ಹಿಡಿಯಬಹುದು. ಕ್ರಿಸ್‌ಮಸ್ ವಾರದಲ್ಲಿ ಸೇವರ್ ಸೀಟು ಅಪರೂಪ. ಅಗ್ಗದ ಕಾಲ ಸೆಪ್ಟೆಂಬರ್, ಅಕ್ಟೋಬರ್. ಅದು ಚಂಡಮಾರುತದ ಕಾಲವೂ ಹೌದು. ಜೂನ್ 1ರಿಂದ ನವೆಂಬರ್ 30ರವರೆಗೆ ಅಟ್ಲಾಂಟಿಕ್‌ನಲ್ಲಿ ಅದರ ಹಂಗಾಮು. ವೆನೆಜುವೆಲಾ ಕರಾವಳಿಯ ಹತ್ತಿರವಿರುವ ಅರುಬಾ, ಬೊನೇರ್, ಕುರಸಾವ್ ದ್ವೀಪಗಳು ಚಂಡಮಾರುತಗಳ ಮುಖ್ಯ ಹಾದಿಗಿಂತ ದಕ್ಷಿಣಕ್ಕಿವೆ. ಶಾಲೆಗೆ ಇನ್ನೂ ಸೇರದ ಮಕ್ಕಳಿರುವ ಮನೆಗಳಿಗೆ ಅಕ್ಟೋಬರಿನ ಅರುಬಾ ಒಳ್ಳೆಯ ಆಯ್ಕೆ.

ಒಮ್ಮೆ ಬುಕ್ ಆಯಿತೆಂದು ಸುಮ್ಮನಾಗಬೇಡಿ. ಅಮೆರಿಕನ್, ಯುನೈಟೆಡ್‌ಗಳಲ್ಲಿ ಸಾಮಾನ್ಯ ಅವಾರ್ಡ್ ಟಿಕೆಟ್ ರದ್ದು ಮಾಡಿದರೆ ಮೈಲ್ಸ್ ಶುಲ್ಕವಿಲ್ಲದೆ ಖಾತೆಗೆ ಮರಳುತ್ತವೆ, ಕಟ್ಟುಪಾಡು ಹೆಚ್ಚಿರುವ ಅಗ್ಗದ ಬೇಸಿಕ್ ಎಕಾನಮಿ ಟಿಕೆಟ್ ಮಾತ್ರ ಬೇರೆ. ಹದಿನೈದು ದಿನಕ್ಕೊಮ್ಮೆ ಅದೇ ವಿಮಾನದ ದರ ನೋಡುತ್ತಿರಿ. ಇಳಿದಿದ್ದರೆ ಹೊಸದನ್ನು ಬುಕ್ ಮಾಡಿ, ಆಮೇಲೆ ಹಳೆಯದನ್ನು ರದ್ದು ಮಾಡಿ. ಮೊದಲೇ ರದ್ದು ಮಾಡಿದರೆ ಆ ಅಗ್ಗದ ಸೀಟು ಅಷ್ಟರಲ್ಲಿ ಬೇರೆಯವರ ಪಾಲಾಗಬಹುದು. ರದ್ದು ಮಾಡುವುದಿದ್ದರೆ ವಿಮಾನ ಹೊರಡುವ ಮುನ್ನ ಮಾಡಬೇಕು.

ಭಾರತದ ಪಾಸ್‌ಪೋರ್ಟ್ ಇರುವವರಿಗೆ

ಅರುಬಾಗೆ ಹೋಗಲು ಭಾರತೀಯರಿಗೆ ವೀಸಾ ಬೇಕು, ಆದರೆ ಸಿಂಧುವಾದ ಮಲ್ಟಿಪಲ್ ಎಂಟ್ರಿ ಅಮೆರಿಕನ್ ವೀಸಾ ಅಥವಾ ಗ್ರೀನ್ ಕಾರ್ಡ್ ಇದ್ದರೆ ವಿನಾಯಿತಿ ಇದೆ. ಎಡವುವುದು ಎಚ್-1ಬಿ ಕೆಲಸದ ವೀಸಾದವರು. ಕೈಯಲ್ಲಿ ಐ-797 (ಅಮೆರಿಕದ ವಲಸೆ ಇಲಾಖೆಯ ಅನುಮೋದನೆ ಪತ್ರ) ಇದ್ದು ಪಾಸ್‌ಪೋರ್ಟಿನ ವೀಸಾ ಮುದ್ರೆಯ ಅವಧಿ ಮುಗಿದಿದ್ದರೆ, ಅರುಬಾದಿಂದ ಅಮೆರಿಕಕ್ಕೆ ಮರಳಲಾಗದು. ಅವಧಿ ಮುಗಿದ ವೀಸಾದ ಮೇಲೆ 30 ದಿನದೊಳಗೆ ಮರಳುವ ಸವಲತ್ತು ಅವರಿಗೆ ಕೆನಡಾ, ಮೆಕ್ಸಿಕೊಗಳಿಗಷ್ಟೇ ಸೀಮಿತ. ಹತ್ತಿರದ ದ್ವೀಪಗಳಿಗೂ ಅದು ಸಿಗುವುದು ಎಫ್ (ವಿದ್ಯಾರ್ಥಿ) ಮತ್ತು ಜೆ (ವಿನಿಮಯ ಕಾರ್ಯಕ್ರಮ) ವೀಸಾದವರಿಗೆ. ಅವರಿಗೂ ಅರುಬಾ ಪ್ರವೇಶಕ್ಕೆ ಬೇರೆ ವೀಸಾ ಬೇಕಾಗುತ್ತದೆ. ಮುದ್ರೆಯ ಅವಧಿ ಮುಗಿದ ಕುಟುಂಬಗಳಿಗೆ ಪೋರ್ಟೊ ರಿಕೊ ಅಥವಾ ಅಮೆರಿಕದ ವರ್ಜಿನ್ ದ್ವೀಪಗಳೇ ಸರಿ. ಅಲ್ಲಿಗೂ ಪಾಸ್‌ಪೋರ್ಟ್, ಐ-797 ಎರಡನ್ನೂ ಒಯ್ಯಬೇಕು, ಏಕೆಂದರೆ ವರ್ಜಿನ್ ದ್ವೀಪಗಳಲ್ಲೊಂದಾದ ಸೇಂಟ್ ಥಾಮಸ್‌ನಿಂದ ಹೊರಡುವಾಗ ಗಡಿ ಅಧಿಕಾರಿಗಳ ತಪಾಸಣೆ ಇರುತ್ತದೆ.

ಅರುಬಾದಿಂದ ಮರಳುವಾಗ ಅಮೆರಿಕದ ವಲಸೆ ಮತ್ತು ಕಸ್ಟಮ್ಸ್ ತಪಾಸಣೆ ಅಲ್ಲಿನ ನಿಲ್ದಾಣದಲ್ಲೇ ಮುಗಿಯುತ್ತದೆ. ಇದರಿಂದ ನೂವರ್ಕ್‌ನಲ್ಲಿ ಇಳಿದವರು ದೇಶದೊಳಗಿನ ಪ್ರಯಾಣಿಕರಂತೆ ನೇರವಾಗಿ ಹೊರಬರುತ್ತಾರೆ. ಆದರೆ ಅರುಬಾದಲ್ಲಿ ಸಾಲು ಉದ್ದವಿರುವುದರಿಂದ, ಮಕ್ಕಳ ಜೊತೆ ವಿಮಾನ ಹೊರಡುವ ಮೂರು ಗಂಟೆ ಮುಂಚೆ ಅಲ್ಲಿರಬೇಕು. ಮುಂದಿನ ವಿಮಾನ ಬೇರೆ ಮೈಲ್ಸಿನ ಬೇರೆ ಟಿಕೆಟ್ಟಾಗಿದ್ದರೆ, ಮೊದಲನೆಯದು ತಡವಾಗಿ ಅದು ತಪ್ಪಿದಾಗ ಎರಡನೆಯ ಕಂಪನಿಗೆ ಯಾವ ಹೊಣೆಯೂ ಇಲ್ಲ. ನಡುವೆ ಕನಿಷ್ಠ ನಾಲ್ಕೈದು ಗಂಟೆ ಬಿಡಿ, ದಿನದ ಕೊನೆಯ ವಿಮಾನವನ್ನು ಮಾತ್ರ ನೆಚ್ಚಬೇಡಿ.