ಎರಡನೇ ಗ್ಯಾರೇಜಿಗೆ ಗಾಡಿ ಕೊಡುವ ಮುಂಚೆ

ರಿಪೇರಿ ಸರಿಯಾಗಲಿಲ್ಲ ಅಂತ ಮಡಿಕೇರಿಯ ನನ್ನ ಆಫೀಸಿಗೆ ಬರುವವರಲ್ಲಿ ಹೆಚ್ಚಿನವರು ತಡವಾಗಿ ಬರುತ್ತಾರೆ. ಅಷ್ಟರಲ್ಲಿ ಕಾರನ್ನು ಬೇರೆ ಗ್ಯಾರೇಜಿಗೆ ಕೊಟ್ಟಾಗಿರುತ್ತದೆ. ಅವರು ಬಿಚ್ಚಿ ಸರಿಮಾಡಿರುತ್ತಾರೆ. ಹಳೇ ಪಾರ್ಟ್ಸ್ ಗುಜರಿಗೆ ಹೋಗಿರುತ್ತದೆ. ಗಾಡಿ ಈಗ ಚೆನ್ನಾಗಿ ಓಡುತ್ತಿದೆ, ಖರ್ಚು ಮಾತ್ರ ಎರಡು ಸಲ ಆಗಿದೆ. ಮೊದಲನೇ ಗ್ಯಾರೇಜಿನವರ ತಪ್ಪು ತೋರಿಸಲು ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಇಂಥ ದೂರು ಕೇಳುವ ಗ್ರಾಹಕ ಆಯೋಗದಲ್ಲಿ ಸೇವೆಯ ಲೋಪವನ್ನು ತೋರಿಸುವ ಹೊಣೆ ದೂರು ಕೊಟ್ಟವರದ್ದು. ಎದುರಿನ ವಕೀಲರು ಮೊದಲು ಕೇಳುವುದು ಒಂದೇ: ನಮ್ಮಲ್ಲಿಂದ ಹೋದ ಮೇಲೆ ಈ ಗಾಡಿಯನ್ನು ಯಾರು ಯಾರು ಮುಟ್ಟಿದ್ದಾರೆ? ಇದಕ್ಕೆ "ಯಾರೂ ಇಲ್ಲ" ಎಂದು ಹೇಳಲು ಆದರೆ ನಿಮ್ಮ ಕೇಸಿಗೆ ಕಾಲು ಬಂತು.

ಬ್ರೇಕ್ ಕೆಲಸವನ್ನೇ ತೆಗೆದುಕೊಳ್ಳಿ. ಪೇಟೆಯೊಳಗೆ ಟ್ರಯಲ್ ನೋಡಿದಾಗ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ. ಸಂಪಾಜೆ ಘಾಟಿಯಲ್ಲೋ, ವಿರಾಜಪೇಟೆಯಿಂದ ಮಾಕುಟ್ಟ ಕಡೆಗೋ ಇಳಿಯುವಾಗ ಕಥೆ ಬೇರೆ. ತಿರುವು ತಿರುವಿಗೂ ಬ್ರೇಕ್ ಒತ್ತಿ ಒತ್ತಿ ಎಲ್ಲವೂ ಬಿಸಿಯಾಗುತ್ತದೆ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರುತ್ತದೆ. ನಮ್ಮ ಮಳೆಗಾಲದಲ್ಲಿ ತೇವಕ್ಕೆ ಬರವಿಲ್ಲ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಾಳಬೇಕು. ನೀರು ಸೇರಿದ ಆಯಿಲ್‌ಗೆ ಆ ಮಟ್ಟ 155 ಡಿಗ್ರಿ ಮಾತ್ರ. ಅದು ಕುದಿದರೆ ಪೈಪಿನೊಳಗೆ ಗುಳ್ಳೆ ಏಳುತ್ತದೆ, ಪೆಡಲ್ ಮೆತ್ತಗೆ ಒಳಗೆ ಹೋಗುತ್ತದೆ. ಗಾಡಿ ತಣ್ಣಗಾದ ಮೇಲೆ ಪೆಡಲ್ ಮತ್ತೆ ಗಟ್ಟಿಯಾಗಬಹುದು. ಆಗ ಮೆಕ್ಯಾನಿಕ್ "ಏನೂ ಪ್ರಾಬ್ಲಂ ಇಲ್ಲವಲ್ಲ ಸರ್" ಅನ್ನುತ್ತಾರೆ.

ಬಿಲ್ಲಿನಲ್ಲಿ ಬ್ರೇಕ್ ಆಯಿಲ್ ಬದಲಾಯಿಸಿದ್ದಾಗಿ ಬರೆದು, ನಿಜದಲ್ಲಿ ಮೇಲಿನ ಡಬ್ಬಿಗೆ ಸ್ವಲ್ಪ ತುಂಬಿಸಿ ಬಿಟ್ಟಿದ್ದರೆ ಅದನ್ನು ಪತ್ತೆ ಮಾಡಬಹುದು. ಆದರೆ ಆ ಆಯಿಲ್ ಇನ್ನೂ ಗಾಡಿಯಲ್ಲೇ ಇರಬೇಕು. ಎರಡನೇ ಗ್ಯಾರೇಜಿನವರು ಬ್ಲೀಡ್ ಮಾಡಿ, ಅಂದರೆ ಪೈಪಿನಲ್ಲಿರುವ ಹಳೇ ಆಯಿಲ್ ಹೊರಗೆ ತೆಗೆದು, ಹೊಸ ಆಯಿಲ್ ಹಾಕಿದರೆ ನಿಮ್ಮ ಸಾಕ್ಷಿ ಚರಂಡಿಗೆ ಹೋಯಿತು. ಕ್ಲಚ್, ಹೆಡ್ ಗ್ಯಾಸ್ಕೆಟ್, ಸ್ಟೀರಿಂಗ್ ಕೆಲಸಕ್ಕೂ ಇದೇ ಮಾತು.

ಬ್ರೇಕ್ ಅಥವಾ ಸ್ಟೀರಿಂಗ್ ಮೇಲೆ ಅನುಮಾನ ಬಂದರೆ ಒಂದು ಕಿಲೋಮೀಟರ್ ಕೂಡ ಓಡಿಸಬೇಡಿ. ಜೀವಕ್ಕಿಂತ ಯಾವ ಕೇಸೂ ದೊಡ್ಡದಲ್ಲ. ಟೋ ಮಾಡಿಸಿ, ಅದರ ರಸೀದಿ ಇಟ್ಟುಕೊಳ್ಳಿ. ಆ ಖರ್ಚನ್ನೂ ಆಮೇಲೆ ಕೇಳಬಹುದು. ಕಿಲೋಮೀಟರ್ ರೀಡಿಂಗ್‌ನ ಫೋಟೊ ತೆಗೆಯಿರಿ. ರಿಪೇರಿಯಾದ ಮೇಲೆ ಗಾಡಿ ಎಷ್ಟು ಓಡಿದೆ ಅನ್ನುವುದು ಬಹಳ ಮುಖ್ಯವಾಗುತ್ತದೆ.

ಆಮೇಲೆ ಮೊದಲನೇ ಗ್ಯಾರೇಜಿಗೆ ಬರೆದು ತಿಳಿಸಿ. ನಮ್ಮ ಕಡೆ ಇಲ್ಲೇ ಹೆಚ್ಚಿನವರು ಹಿಂಜರಿಯುತ್ತಾರೆ. ಮೆಕ್ಯಾನಿಕ್ ಪರಿಚಯದವರು, ಮದುವೆ ಮನೆಯಲ್ಲಿ ಎದುರಾಗುವವರು. ಬರೆದು ಕಳಿಸಿದರೆ ಬೇಜಾರು ಮಾಡಿಕೊಳ್ಳುತ್ತಾರೆ ಅನ್ನುವ ಸಂಕೋಚ. ಹಾಗಂತ ಫೋನಿನಲ್ಲಿ ಜೋರು ಮಾತಾಡಿದರೆ ಸಂಬಂಧವೂ ಕೆಡುತ್ತದೆ, ದಾಖಲೆಯೂ ಉಳಿಯುವುದಿಲ್ಲ. ಮರ್ಯಾದೆಯಿಂದ ನಾಲ್ಕು ಸಾಲು ವಾಟ್ಸಾಪ್ ಮಾಡಿದರೆ ಸಾಕು: "ಅಣ್ಣ, 12ನೇ ತಾರೀಕು ನಿಮ್ಮಲ್ಲಿ ಬ್ರೇಕ್ ಪ್ಯಾಡ್, ಆಯಿಲ್ ಬದಲಾಯಿಸಿದ್ದು. ಬಿಲ್ ಫೋಟೊ ಹಾಕಿದ್ದೇನೆ. ನಿನ್ನೆ ಘಾಟಿ ಇಳಿಯುವಾಗ ಪೆಡಲ್ ಒಳಗೆ ಹೋಯ್ತು. ಗಾಡಿ ನಿಲ್ಲಿಸಿದ್ದೇನೆ, ಬೇರೆ ಯಾರಿಗೂ ತೋರಿಸಿಲ್ಲ. ಏಳು ದಿನದೊಳಗೆ ನೋಡಿ ಸರಿಮಾಡಿ ಕೊಡಿ." ಇದನ್ನು ಓದಿದ ಒಳ್ಳೆಯ ಮೆಕ್ಯಾನಿಕ್ ಬಂದೇ ಬರುತ್ತಾರೆ. ಎಷ್ಟೋ ಜಗಳ ಇಲ್ಲೇ ಮುಗಿಯುತ್ತದೆ.

ಅವರ ಮಾತನ್ನೂ ಕೇಳಿ. ಪ್ಯಾಡ್ ಹೊಸದು ಹಾಕಿದ ಮೇಲೆ, ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಕೆಟ್ಟರೆ ಅದು ಪ್ಯಾಡ್ ಹಾಕಿದವರ ತಪ್ಪಲ್ಲ. ಎಸ್ಟಿಮೇಟ್‌ನಲ್ಲಿ ಅವರು ಬರೆದಿದ್ದ ಕೆಲಸವನ್ನು "ಈಗ ಬೇಡ" ಅಂದವರು ನೀವೇ ಆಗಿದ್ದರೆ, ಅಥವಾ ಕಡಿಮೆ ಬೆಲೆಯ ಪಾರ್ಟ್ ನೀವೇ ತಂದು ಕೊಟ್ಟಿದ್ದರೆ, ಕೇಸ್ ನಿಲ್ಲುವುದು ಕಷ್ಟ.

ಅವರು ಬರಲೇ ಇಲ್ಲ ಅಂದುಕೊಳ್ಳಿ. ಆಗ ಲೈಸೆನ್ಸ್ ಇರುವ ವಾಹನ ಸರ್ವೇಯರ್ (ಗಾಡಿಯ ಹಾನಿ ನೋಡಿ ವರದಿ ಕೊಡುವವರು) ಅಥವಾ ಕಂಪನಿಯ ಸರ್ವಿಸ್ ಸೆಂಟರ್‌ನಿಂದ ತಪಾಸಣೆ ಮಾಡಿಸಿ. ದಿನ, ಹೊತ್ತು, ಜಾಗ ಮೊದಲನೇ ಗ್ಯಾರೇಜಿಗೆ ಮುಂಚೆಯೇ ತಿಳಿಸಿ, ಬೇಕಾದರೆ ಬಂದು ನಿಲ್ಲಲಿ. "ಬ್ರೇಕ್ ಸರಿ ಇಲ್ಲ" ಅಂತ ಬರೆದ ಚೀಟಿಗೆ ಬೆಲೆ ಕಡಿಮೆ. ಯಾವ ಭಾಗ ಕೆಟ್ಟಿದೆ, ಯಾಕೆ ಕೆಟ್ಟಿದೆ, ಹಿಂದಿನ ಕೆಲಸಕ್ಕೂ ಅದಕ್ಕೂ ಏನು ಸಂಬಂಧ, ಈ ಮೂರೂ ವರದಿಯಲ್ಲಿರಬೇಕು. ಬಿಚ್ಚಿದ ಭಾಗಗಳನ್ನು ಕವರಿನಲ್ಲಿ ಹಾಕಿ, ತಾರೀಕು ಬರೆದು ನೀವೇ ಇಟ್ಟುಕೊಳ್ಳಿ. ಇಷ್ಟೆಲ್ಲ ಆದ ಮೇಲೆ ಗಾಡಿಯನ್ನು ಎಲ್ಲಿ ಬೇಕಾದರೂ ರಿಪೇರಿ ಮಾಡಿಸಬಹುದು.

ಬಿಲ್ ಕಟ್ಟದೆ ಗಾಡಿ ಬಿಡಿಸಿಕೊಂಡು ಬರುತ್ತೇನೆ ಅಂತ ಹಟ ಹಿಡಿಯಬೇಡಿ. 1872ರ ಭಾರತೀಯ ಕರಾರು ಕಾಯ್ದೆಯ 170ನೇ ಕಲಂ ಪ್ರಕಾರ, ಮಾಡಿದ ಕೆಲಸದ ಹಣ ಬರುವವರೆಗೆ ಗಾಡಿಯನ್ನು ತಡೆದಿಟ್ಟುಕೊಳ್ಳುವ ಹಕ್ಕು ರಿಪೇರಿ ಮಾಡಿದವರಿಗೆ ಇದೆ. ಒಪ್ಪಿಗೆ ಇಲ್ಲದಿದ್ದರೆ "ಆಕ್ಷೇಪಣೆ ಇಟ್ಟುಕೊಂಡು ಕಟ್ಟುತ್ತಿದ್ದೇನೆ" ಅಂತ ಬಿಲ್ ಮೇಲೆ ಬರೆದು, ಯುಪಿಐನಲ್ಲಿ ಹಣ ಕೊಟ್ಟು ಗಾಡಿ ತನ್ನಿ. ಬಿಲ್ ಕೊಡದೇ ಇರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದೇ ಹೇಳುತ್ತದೆ. ಹಾಗಾಗಿ ಕೇಳಲು ನಾಚಿಕೆ ಬೇಡ.

ಮೈಸೂರಿನಲ್ಲೋ ಮಂಗಳೂರಿನಲ್ಲೋ ಗಾಡಿ ಕೊಟ್ಟವರು ಕೇಸಿಗೂ ಅಲ್ಲಿಗೇ ಓಡಾಡಬೇಕು ಅಂದುಕೊಂಡು ಸುಮ್ಮನಾಗುತ್ತಾರೆ. ಬೇಕಿಲ್ಲ. ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಲು 2019ರ ಕಾಯ್ದೆಯಲ್ಲಿ ಅವಕಾಶ ಇದೆ. ಅಂದರೆ ಮಡಿಕೇರಿಯ ಜಿಲ್ಲಾ ಆಯೋಗದಲ್ಲೇ. ನೀವು ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕವೂ ಇಲ್ಲ. ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ನೋಡಿ, ದೊಡ್ಡ ಕಂಪನಿಯ ಸರ್ವಿಸ್ ಸೆಂಟರ್ ಆದರೆ ಕೆಲವು ಸಲ ಅಷ್ಟರಲ್ಲೇ ಕೆಲಸ ಆಗುತ್ತದೆ. ಮಾಂದಲಪಟ್ಟಿಗೆ ಜೀಪ್ ಓಡಿಸುವ ಹುಡುಗರು "ನಮ್ಮದು ಬಾಡಿಗೆ ಗಾಡಿ, ನಮಗೆ ಇದು ಸಿಗಲ್ಲ ಅಲ್ವಾ" ಅಂತ ಕೇಳುತ್ತಾರೆ. ಹೊಟ್ಟೆಪಾಡಿಗೆ ಸ್ವಂತ ದುಡಿಮೆಯಲ್ಲಿ ಓಡಿಸುವವರೂ ಕಾನೂನಿನ ಕಣ್ಣಲ್ಲಿ ಗ್ರಾಹಕರೇ.

ಪರಿಹಾರ ಕೇಳುವಾಗ ಲೆಕ್ಕ ಇಟ್ಟು ಕೇಳಿ. ಮೊದಲ ಬಿಲ್, ಮತ್ತೆ ಮಾಡಿಸಿದ ಬಿಲ್, ಟೋಯಿಂಗ್, ಸರ್ವೇಯರ್ ಫೀಸು, ಆ ದಿನಗಳ ಬಾಡಿಗೆ ಕಾರು, ಮೇಲೆ ಮಾನಸಿಕ ಕಿರಿಕಿರಿಗೆ ಒಂದು ನ್ಯಾಯವಾದ ಮೊತ್ತ. ಬ್ರೇಕ್ ಕೆಲಸ ಕೆಟ್ಟದ್ದಕ್ಕೆ ಹೊಸ ಕಾರು ಕೇಳಿದ ಅರ್ಜಿ ತೂಕ ಕಳೆದುಕೊಳ್ಳುತ್ತದೆ.

ದೂರು ಕೊಡಲು ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಸಮಯ ಇದೆ. ಜಾಸ್ತಿ ಅನ್ನಿಸಬಹುದು. ಮಳೆ ಕಳೆಯಲಿ, ಕಾಫಿ ಕೊಯ್ಲು ಮುಗಿಯಲಿ, ಹುತ್ತರಿ ಹಬ್ಬ ಆಗಲಿ ಅನ್ನುವಷ್ಟರಲ್ಲಿ ಅದರಲ್ಲಿ ಅರ್ಧ ಹೋಗಿರುತ್ತದೆ. ಅವಧಿ ದಾಟಿದರೆ ತಡವಾದದ್ದಕ್ಕೆ ಸರಿಯಾದ ಕಾರಣವನ್ನು ಆಯೋಗಕ್ಕೆ ತೋರಿಸಬೇಕು. "ನೋಡೋಣ ಅಂತ ಮೆಕ್ಯಾನಿಕ್ ಹೇಳಿದ್ದರು" ಅನ್ನುವುದನ್ನು ಕಾರಣ ಅಂತ ಒಪ್ಪಿಸುವುದು ಬಹಳ ಕಷ್ಟ.