‘ಮಿಸ್‌ಫೈರ್’ ಆದ ಕೋವಿಯಿಂದ ಗುಂಡು ಹಾರುವುದಿಲ್ಲ

‘ಕೋವಿ ಮಿಸ್‌ಫೈರ್ ಆಗಿ ಯುವಕ ಸಾವು’ ಎಂಬ ಧಾಟಿಯ ತಲೆಬರಹವನ್ನು ಮಲೆನಾಡು, ಕೊಡಗಿನ ಸುದ್ದಿಗಳಲ್ಲಿ ಮತ್ತೆ ಮತ್ತೆ ನೋಡುತ್ತೇವೆ. ಮಿಸ್‌ಫೈರ್ ಎಂದರೆ ಟ್ರಿಗರ್ ಎಳೆದಾಗ ಕುದುರೆ (ಕೋವಿಯ ಸುತ್ತಿಗೆ) ಬಡಿದರೂ ಈಡು, ಅಂದರೆ ತುಂಬಿದ ಮದ್ದುಗುಂಡು, ಹಾರದಿರುವುದು. ಹಾರದ ಈಡು ಯಾರನ್ನೂ ಕೊಲ್ಲುವುದಿಲ್ಲ. ಬೇಲಿ ದಾಟುವಾಗ ಟ್ರಿಗರ್‌ಗೆ ಕೊಂಬೆ ಸಿಕ್ಕಿಯೋ, ತುಂಬಿದ ಕೋವಿ ಕೈಜಾರಿಯೋ ಗುಂಡು ಹಾರಿದರೆ ಅದು ಆಕಸ್ಮಿಕ ಗುಂಡು ಹಾರಾಟ. ಬಹುಪಾಲು ಸಂದರ್ಭಗಳಲ್ಲಿ ‘ಅಜಾಗರೂಕತೆ’ ಎಂಬುದೇ ಸರಿಯಾದ ಮಾತು.

ಗೊಂದಲದ ಮೂಲ ನಮ್ಮ ‘ಮಿಸ್ ಆಗಿ’ಯಲ್ಲಿದೆ ಎಂದು ನನ್ನ ಅಂದಾಜು. ‘ಮಿಸ್ ಆಗಿ ಕೈತಾಗಿತು’ ಎನ್ನುವಾಗ ಅದಕ್ಕೆ ‘ತಪ್ಪಿ’ ಎಂಬ ಅರ್ಥ ಬಂದಿದೆ. ಅದೇ ಜಾಡಿನಲ್ಲಿ ಮಿಸ್‌ಫೈರ್ ‘ತಪ್ಪಿ ಹಾರಿದ್ದು’ ಆಗಿಬಿಟ್ಟಿದೆ. ಬೈಕ್ ಮೆಕ್ಯಾನಿಕ್‌ಗಳು ಈ ಪದವನ್ನು ಸರಿಯಾಗಿ ಬಳಸುತ್ತಾರೆ: ಅವರ ಮಿಸ್‌ಫೈರ್ ಎಂದರೆ ಸಿಲಿಂಡರಿನಲ್ಲಿ ಪೆಟ್ರೋಲು ಸರಿಯಾಗಿ ಹತ್ತಲಿಲ್ಲ ಎಂದೇ. ಪತ್ರಿಕೆಯವರಿಗೆ ಅಷ್ಟು ಗೊತ್ತಿದ್ದರೆ ಸಾಕಿತ್ತು.

ಇದು ವ್ಯಾಕರಣದ ಹಟವಲ್ಲ. ಬೆಳೆ ರಕ್ಷಣೆಗೆಂದು ರೈತರು ಪರವಾನಗಿ ಪಡೆದಿರುವ, ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಗೆ ನಿಜವಾದ ಮಿಸ್‌ಫೈರ್ ತೀರ ಸಾಮಾನ್ಯ. ಕೇಪು ಎಂದರೆ ಕುದುರೆ ಬಡಿದಾಗ ಸಿಡಿದು ಮದ್ದಿಗೆ ಕಿಡಿ ಕೊಡುವ ಪುಟ್ಟ ಲೋಹದ ಟೊಪ್ಪಿಗೆ. ಮಳೆಗಾಲದಲ್ಲಿ ಮದ್ದು ತೇವ ಹಿಡಿಯುತ್ತದೆ. ಕೇಪು ಕೂರುವ ಜಾಗದ ಕಿರುತೂತಿನಲ್ಲಿ ಎಣ್ಣೆಯೋ ಮಸಿಯೋ ಕಟ್ಟಿಕೊಳ್ಳುತ್ತದೆ. ಕೇಪು ಸಿಡಿದರೂ ಕಿಡಿ ಒಳಗೆ ತಲುಪುವುದಿಲ್ಲ. ಅಪಾಯ ಶುರುವಾಗುವುದು ಆಗಲೇ. ಕಿಡಿ ಒಳಗೆ ಹೋಗಿ ಮೆಲ್ಲಗೆ ಹೊತ್ತುತ್ತಿದ್ದರೆ ಈಡು ತಡವಾಗಿ ಹಾರುತ್ತದೆ. ಇಂಗ್ಲಿಷಿನವರು ಇದನ್ನು ಹ್ಯಾಂಗ್‌ಫೈರ್ ಎಂದು ಬೇರೆಯಾಗಿಯೇ ಹೆಸರಿಸಿದ್ದಾರೆ. ಹಾರದ್ದು ಯಾವುದು, ತಡವಾಗಿ ಹಾರಲಿರುವುದು ಯಾವುದು ಎಂದು ಆ ಗಳಿಗೆಯಲ್ಲಿ ಹಿಡಿದವನಿಗೆ ತಿಳಿಯುವ ದಾರಿಯೇ ಇಲ್ಲ. ಆದ್ದರಿಂದ ನಳಿಗೆಯನ್ನು ಗುರಿಯತ್ತಲೇ ಹಿಡಿದು ಕನಿಷ್ಠ 1 ನಿಮಿಷ ಕಾಯಬೇಕು. ಆಮೇಲೂ ನಳಿಗೆಯನ್ನು ಅತ್ತಿತ್ತ ಆಡಿಸದೆ ಕಿರುತೂತನ್ನು ಸೂಜಿಯಿಂದ ಬಿಡಿಸಿ, ಹೊಸ ಕೇಪು ಹಾಕಿ ಮತ್ತೆ ಹೊಡೆದು ನೋಡಬೇಕು. ‘ಏನಾಯಿತು’ ಎಂದು ನಳಿಗೆಯ ಬಾಯಿಗೆ ಕಣ್ಣಿಡುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಹಾರದ ಈಡಿನ ಮೇಲೆ ಇನ್ನೊಂದು ಈಡು ತುಂಬುವವರೂ ಇದ್ದಾರೆ. ಅಂಥ ಕೋವಿಯ ನಳಿಗೆಯೇ ಒಡೆಯಬಹುದು.

ತುಂಬುವಾಗಿನ ಎಚ್ಚರಗಳ ಹಿಂದಿರುವುದೂ ಇದೇ ಕಿಡಿ. ಹಿಂದಿನ ಈಡಿನ ಕೆಂಡ ಒಳಗೆ ಉಳಿದಿರಬಹುದು. ಹಾಗಾಗಿ ಮದ್ದಿನ ಬುರುಡೆಯಿಂದ ನೇರವಾಗಿ ಸುರಿಯಬಾರದು, ಅಳತೆಯ ಪಾತ್ರೆಯಿಂದ ಒಂದೇ ಈಡಿನಷ್ಟು ಹಾಕಬೇಕು. ಗಜದಿಂದ (ನಳಿಗೆಯೊಳಗೆ ಈಡನ್ನು ತಳ್ಳುವ ಉದ್ದ ಕೋಲು) ಗುಂಡನ್ನು ಮದ್ದಿಗೆ ತಾಗುವವರೆಗೆ ಇಳಿಸಬೇಕು, ನಡುವೆ ಖಾಲಿ ಜಾಗ ಉಳಿದರೆ ನಳಿಗೆ ಉಬ್ಬಿ ಸೀಳಬಹುದು. ಗಜದ ಮೇಲೆ ಗುರುತು ಹಾಕಿಟ್ಟರೆ ಈಡು ಒಳಗಿದೆಯೇ ಎಂಬುದೂ ತಿಳಿಯುತ್ತದೆ. ಕೇಪು ಎಲ್ಲಕ್ಕಿಂತ ಕೊನೆಗೆ, ನಳಿಗೆ ಗುರಿಯತ್ತ ತಿರುಗಿದ ಮೇಲೆ. ತೋಟಾದೊಳಗಿನ ಹೊಗೆರಹಿತ ಮದ್ದನ್ನು ಈ ಕೋವಿಗಳಿಗೆ ಎಂದೂ ಹಾಕಬಾರದು. ಪೆಟ್ಲುಪ್ಪು, ಇದ್ದಿಲು, ಗಂಧಕದ ಕರಿಮದ್ದಿಗಾಗಿ ಮಾಡಿದ ನಳಿಗೆ ಅದರ ಒತ್ತಡವನ್ನು ತಾಳುವುದಿಲ್ಲ.